ಒಂದೇ ನಿಯಮ, ಎರಡು ಪಾತ್ರೆ



ಆಗಮನ ಕಾಲದ ನಾಲ್ಕು ವಾರಗಳು ಮುಗಿಯುತ್ತ ಬಂದಂತೆ ನಮ್ಮ ಮಲೆನಾಡಿನ ಮನೆಗಳಲ್ಲಿ ಸಡಗರ ತಾನಾಗಿಯೇ ಮೂಡುತ್ತದೆ. ಗೋದಲಿಗೆ ಹುಲ್ಲು, ಬಾಗಿಲಿಗೆ ನಕ್ಷತ್ರ, ಅಡುಗೆಮನೆಯಲ್ಲಿ ಕುಸ್ವಾರಿನ ಪರಿಮಳ. ಕೆಲವು ಮನೆಗಳಲ್ಲಿ ವಾರಗಳ ಹಿಂದೆಯೇ ಭರಣಿಗೆ ಇಳಿಸಿದ ದ್ರಾಕ್ಷಾರಸ. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಓದಿ ಹೊರದೇಶಕ್ಕೆ ಹೋದ ಮಕ್ಕಳು, ಭದ್ರಾವತಿಯಲ್ಲಿ ಬೆಳೆದು ಬೆಂಗಳೂರು ಸೇರಿದ ಮಕ್ಕಳು ಊರಿಗೆ ಮರಳುವ ಕಾಲವೂ ಇದೇ. ಯೂರೋಪಿನಿಂದ ಬಂದವರ ಪೆಟ್ಟಿಗೆಯಲ್ಲಿ ಮಠವೊಂದರ ಹೆಸರು ಹೊತ್ತ ಬೆಲ್ಜಿಯಂ ಬಿಯರಿನ ಬಾಟಲಿ ಕಂಡರೆ ಮನೆಯ ಅಜ್ಜಿ ಏನು ಕೇಳುತ್ತಾರೆಂದು ನೀವು ಊಹಿಸಬಲ್ಲಿರಿ: "ಸನ್ಯಾಸಿಗಳ ಮಠಕ್ಕೂ ಮದ್ಯಕ್ಕೂ ಏನಪ್ಪಾ ಸಂಬಂಧ?"

ಆ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಡಬೇಡಿ. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ದಾರಿ 6ನೇ ಶತಮಾನದ ಇಟಲಿಯಿಂದ ಹೊರಟು, ಬೆಲ್ಜಿಯಂ ದೇಶವನ್ನು ಹಾದು, ನಮ್ಮ ಪಶ್ಚಿಮಘಟ್ಟದ ಸಾಲಿಗೇ ಬಂದು ನಿಲ್ಲುತ್ತದೆ.

ಸಂತ ಬೆನೆಡಿಕ್ಟರು ತಮ್ಮ ಮಠವಾಸಿಗಳಿಗಾಗಿ ಬರೆದ ನಿಯಮಾವಳಿಯ 48ನೇ ಅಧ್ಯಾಯದಲ್ಲಿ, ತಮ್ಮ ಕೈಗಳ ದುಡಿಮೆಯಿಂದ ಬದುಕುವವರೇ ನಿಜವಾದ ಸನ್ಯಾಸಿಗಳೆಂದು ಹೇಳುತ್ತಾರೆ. 53ನೇ ಅಧ್ಯಾಯದಲ್ಲಿ ಬಂದ ಅತಿಥಿಯನ್ನು ಕ್ರಿಸ್ತರನ್ನೇ ಬರಮಾಡಿಕೊಂಡಂತೆ ಬರಮಾಡಿಕೊಳ್ಳಲು ವಿಧಿಸುತ್ತಾರೆ. ಅಲ್ಲಮಪ್ರಭು, ಅಕ್ಕಮಹಾದೇವಿಯರು ಹುಟ್ಟಿದ ಜಿಲ್ಲೆಯವರಾದ ನಮಗೆ ಕಾಯಕ, ದಾಸೋಹಗಳ ಈ ಜೋಡಿ ಹೊಸತೇನಲ್ಲ. ಇವೆರಡಕ್ಕೂ ಮೊದಲೇ, 40ನೇ ಅಧ್ಯಾಯದಲ್ಲಿ, ಪಾನೀಯದ ಮಾತು ಬರುತ್ತದೆ. ಇನ್ನೊಬ್ಬರ ಊಟ ಪಾನೀಯಗಳ ಅಳತೆಯನ್ನು ತಾವು ಗೊತ್ತುಪಡಿಸಲು ಸಂತರು ಹಿಂಜರಿಯುತ್ತಾರೆ. ದುರ್ಬಲರನ್ನು ನೆನೆದು ದಿನಕ್ಕೆ ಒಂದು ಸಣ್ಣ ಅಳತೆಯ ದ್ರಾಕ್ಷಾರಸವನ್ನು ಅನುಮತಿಸುತ್ತಾರೆ. ಪೂರ್ತಿ ತ್ಯಜಿಸುವ ಶಕ್ತಿಯನ್ನು ದೇವರಿಂದ ಪಡೆದವರಿಗೆ ತಕ್ಕ ಪ್ರತಿಫಲವಿದೆಯೆಂದೂ, ಅಷ್ಟೂ ಸಿಗದ ನಾಡಿನಲ್ಲಿ ಗೊಣಗದೆ ದೇವರನ್ನು ಸ್ತುತಿಸಬೇಕೆಂದೂ ಸೇರಿಸುತ್ತಾರೆ. ಅನುಮತಿಯೂ ಎಚ್ಚರಿಕೆಯೂ ಒಂದೇ ಉಸಿರಿನಲ್ಲಿ ಬಂದಿರುವುದನ್ನು ಗಮನಿಸಿ.

ಇಟಲಿಯಲ್ಲಿ ದ್ರಾಕ್ಷಿ ಬೆಳೆಯುತ್ತಿತ್ತು. ಉತ್ತರದ ತಂಪು ನಾಡುಗಳಲ್ಲಿ ಬಾರ್ಲಿ ಬೆಳೆಯುತ್ತಿತ್ತು. ಹಾಗಾಗಿ ಅಲ್ಲಿನ ಮಠಗಳ ಊಟದ ಮೇಜಿಗೆ ಬಿಯರ್ ಬಂದಿತು. ಅದರ ಮೊದಲ ಹೆಜ್ಜೆ ನಮ್ಮ ತಾಯಂದಿರಿಗೆ ಚೆನ್ನಾಗಿ ಗೊತ್ತು. ಮಗುವಿಗೆ ರಾಗಿ ಮಾಲ್ಟ್ ಮಾಡಲು ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಪುಡಿ ಮಾಡುವುದಿಲ್ಲವೇ? ಬಾರ್ಲಿಗೂ ಅದೇ ಸಂಸ್ಕಾರ. ಆ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ, ಸೋಸಿದ ಸಿಹಿ ರಸವನ್ನು ಹಾಪ್ಸ್ ಎಂಬ ಕಹಿ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ಹುದುಗಲು ಬಿಡುತ್ತಾರೆ.

ಫ್ರೆಂಚ್ ಕ್ರಾಂತಿಯ ಬಿರುಗಾಳಿ ಈ ಮಠಗಳನ್ನು ಬುಡಸಹಿತ ಅಲುಗಾಡಿಸಿತು. 1132ರಿಂದ ಸಿಸ್ಟರ್ಸಿಯನ್ ಸಭೆಯ ನೆಲೆಯಾಗಿದ್ದ ಓರ್ವಾಲ್ ಮಠ 1793ರಲ್ಲಿ ಸುಟ್ಟು ಹಾಳಾಯಿತು. ಫ್ರಾನ್ಸಿನಿಂದ ಓಡಿಬಂದ ಟ್ರಾಪಿಸ್ಟ್ ಸನ್ಯಾಸಿಗಳು 1794ರಲ್ಲಿ ವೆಸ್ಟ್‌ಮಾಲೆಯಲ್ಲಿ ನೆಲೆ ಕಂಡುಕೊಂಡರು. 1836ರಲ್ಲಿ ತಮ್ಮ ಊಟಕ್ಕೆಂದು ತಾವೇ ಬಿಯರ್ ತಯಾರಿಸಿದರು. 1850ರಲ್ಲಿ ಶಿಮೇ ಪಟ್ಟಣದ ಬಳಿ ಸ್ಕೂರ್ಮೋಂ ಮಠ ಹುಟ್ಟಿತು; ಅಲ್ಲಿ 1862ರಲ್ಲಿ ಬಿಯರ್ ತಯಾರಿಕೆ ಆರಂಭವಾಯಿತು. ಹಾಳುಬಿದ್ದ ಓರ್ವಾಲನ್ನು ಮತ್ತೆ ಕಟ್ಟುವ ಖರ್ಚಿಗಾಗಿಯೇ 1931ರಲ್ಲಿ ಅಲ್ಲೊಂದು ಬಿಯರ್ ಕಾರ್ಖಾನೆ ತೆರೆಯಿತು. ಬಿದ್ದ ಗೋಡೆಯನ್ನು ಎಬ್ಬಿಸಲು ಕೈಗೆ ಸಿಕ್ಕ ಕಸುಬು ಅದಾಗಿತ್ತು.

ಕ್ರಿಸ್ಮಸ್ಸಿನ ನಂಟು ಬರುವುದೂ ಶಿಮೇಯಿಂದಲೇ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1948ರಲ್ಲಿ, ಸ್ಕೂರ್ಮೋಂ ಮಠದ ಗುರು ಥಿಯೊಡೋರ್ ಅವರು ಹಬ್ಬಕ್ಕೆಂದೇ ಗಾಢವಾದ ಬಿಯರೊಂದನ್ನು ತಯಾರಿಸಿದರು. ಜನ ಅದನ್ನು ಬಲು ಮೆಚ್ಚಿದ್ದರಿಂದ ಮುಂದೆ ಅದು ವರ್ಷವಿಡೀ ಸಿಗತೊಡಗಿತು. ನೀಲಿ ಚೀಟಿಯ ಶಿಮೇ ಎಂದು ಲೋಕಕ್ಕೆ ಪರಿಚಿತವಾದದ್ದು ಅದೇ. ಅಲ್ಲಿನವರು ಅದನ್ನು ಮಂಜುಗಡ್ಡೆಯಂತೆ ತಣ್ಣಗಾಗಿಸುವುದಿಲ್ಲ. ಅಗಲ ಬಾಯಿಯ ಬಟ್ಟಲಿಗೆ ಮೆಲ್ಲನೆ ಸುರಿದು, ಮೊದಲು ಪರಿಮಳವನ್ನು ಆಸ್ವಾದಿಸಿ, ಗುಟುಕು ಗುಟುಕಾಗಿ ಸವಿಯುತ್ತಾರೆ. ಕಾಯಿಸಿದ ಬೆಲ್ಲ, ಒಣದ್ರಾಕ್ಷಿ, ಮಸಾಲೆಗಳ ನೆನಪು ತರುವ ರುಚಿ ಅದರದು. ಬಾಟಲಿಯಲ್ಲಿಯೇ ಎರಡನೆಯ ಬಾರಿ ಹುದುಗುವುದರಿಂದ ತಳದಲ್ಲಿ ಯೀಸ್ಟಿನ ಗಸಿ ಉಳಿಯುತ್ತದೆ. ಅದರ ಮದ್ಯಾಂಶ ನೂರಕ್ಕೆ 9, ಅವಸರಪಟ್ಟು ಕುಡಿಯುವಂಥದ್ದಲ್ಲ. ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಯುನೆಸ್ಕೊ 2016ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಾಗಾದರೆ ಸನ್ಯಾಸಿಗಳು ಕುಡಿಯುತ್ತಿದ್ದುದೂ ಇದನ್ನೇ ಎಂದುಕೊಂಡಿರಾ? ಇಲ್ಲ. ಮಠದೊಳಗಿನ ಮೇಜಿಗೆಂದು ಅವರು ಮಾಡಿಕೊಂಡದ್ದು ನೂರಕ್ಕೆ 5ಕ್ಕಿಂತ ಕಡಿಮೆ ಮದ್ಯಾಂಶದ ತೆಳು ಬಿಯರ್. ಟ್ರಾಪಿಸ್ಟ್ ಮುದ್ರೆಯ ಷರತ್ತುಗಳೂ ಬಿಗಿಯಾದವು: ತಯಾರಿಕೆ ಮಠದ ಪರಿಸರದಲ್ಲೇ ನಡೆಯಬೇಕು, ಸನ್ಯಾಸಿಗಳ ಮೇಲ್ವಿಚಾರಣೆ ಇರಬೇಕು, ಆದಾಯ ಅವರ ಸರಳ ಜೀವನಕ್ಕೆ, ಮಠದ ನಿರ್ವಹಣೆಗೆ ಮತ್ತು ದೀನರ ಸೇವೆಗೆ ಸಲ್ಲಬೇಕು. ಆಖೆಲ್ ಮಠದಲ್ಲಿ ವಾಸಿಸುವ ಸನ್ಯಾಸಿಗಳೇ ಉಳಿಯದಾಗ, 2021ರಲ್ಲಿ ಅಲ್ಲಿನ ಬಿಯರ್ ಆ ಮುದ್ರೆಯನ್ನು ಕಳೆದುಕೊಂಡಿತು. ರುಚಿ ಕೆಟ್ಟದ್ದರಿಂದಲ್ಲ, ಪ್ರಾರ್ಥಿಸುವ ಸಮುದಾಯ ಇಲ್ಲವಾದ್ದರಿಂದ.

ಇನ್ನು ನಮ್ಮ ಪಶ್ಚಿಮಘಟ್ಟದ ಮಾತಿಗೆ ಬರೋಣ. ಅದೇ ಸ್ಕೂರ್ಮೋಂ ಮಠದ ಸನ್ಯಾಸಿಯೊಬ್ಬರು 1955ರಲ್ಲಿ ಭಾರತಕ್ಕೆ ಬಂದರು. ಅವರ ಹೆಸರು ಫ್ರಾನ್ಸಿಸ್ ಮಾಹ್ಯೂ. 1912ರಲ್ಲಿ ಬೆಲ್ಜಿಯಂನ ಈಪ್ರ ಪಟ್ಟಣದಲ್ಲಿ ಹುಟ್ಟಿದವರು. 1955ರಲ್ಲಿಯೇ ಇಂಗ್ಲೆಂಡಿನಿಂದ ಬಂದ ಬೆನೆಡಿಕ್ಟೈನ್ ಸನ್ಯಾಸಿ ಬೀಡ್ ಗ್ರಿಫಿತ್ಸ್ ಅವರು ಬೆಂಗಳೂರಿನ ಬಳಿಯ ಕೆಂಗೇರಿಯಲ್ಲಿ ಮಠಜೀವನ ಆರಂಭಿಸಿದ್ದರು. ಇವರಿಬ್ಬರೂ ಸೇರಿ 1958ರಲ್ಲಿ ಕೇರಳದ ವಾಗಮಣ್ ಬಳಿಯ ಬೆಟ್ಟದ ಮೇಲೆ ಕುರಿಸುಮಲ ಆಶ್ರಮವನ್ನು ಕಟ್ಟಿದರು. ಕುರಿಸುಮಲ ಎಂದರೆ ಶಿಲುಬೆಯ ಬೆಟ್ಟ. ಮಾಹ್ಯೂ ಅವರು ಕಾವಿ ಉಟ್ಟು ಫ್ರಾನ್ಸಿಸ್ ಆಚಾರ್ಯರೆನಿಸಿದರು. 2002ರಲ್ಲಿ ಅಲ್ಲಿಯೇ ಪ್ರಭುವಿನಲ್ಲಿ ನಿದ್ರಿಸಿದರು. 1998ರಲ್ಲಿ ಆಶ್ರಮ ಅಧಿಕೃತವಾಗಿ ಸಿಸ್ಟರ್ಸಿಯನ್ ಕುಟುಂಬವನ್ನು ಸೇರಿತ್ತು.

ಲೋಕಪ್ರಸಿದ್ಧ ಬಿಯರಿನ ಮಠದಿಂದ ಬಂದ ಈ ಆಚಾರ್ಯರು ಇಲ್ಲಿ ಹಿಡಿದ ಕಾಯಕ ಯಾವುದು ಗೊತ್ತೇ? ಹೈನುಗಾರಿಕೆ! ಆ ಬೆಟ್ಟದ ಹುಲ್ಲುಗಾವಲಿನಲ್ಲಿ ಹಸು ಸಾಕಿ, ಹಾಲು ಕರೆದು, ಸುತ್ತಲ ರೈತರಿಗೂ ಆ ದಾರಿ ತೋರಿ, ಆಶ್ರಮ ತನ್ನ ಅನ್ನವನ್ನು ಗಳಿಸಿತು. ಪ್ರಾರ್ಥನೆ, ದುಡಿಮೆ, ಅತಿಥಿ ಸತ್ಕಾರದ ನಿಯಮ ಅದೇ ಉಳಿಯಿತು. ಪಾತ್ರೆಯಲ್ಲಿದ್ದುದು ಮಾತ್ರ ಬದಲಾಯಿತು. ಅಜ್ಜಿಯ ಪ್ರಶ್ನೆಗೆ ಇದೇ ನಿಜವಾದ ಉತ್ತರ. ಮಠಕ್ಕೆ ನಂಟು ಇದ್ದದ್ದು ಮದ್ಯದೊಡನೆ ಅಲ್ಲ, ಪ್ರಾಮಾಣಿಕ ದುಡಿಮೆಯೊಡನೆ.

ಓದುಗರೇ, ನಮ್ಮ ಧರ್ಮಕೇಂದ್ರಗಳಲ್ಲಿ ಕುಡಿತದಿಂದ ನೊಂದ ಮನೆಗಳಿಲ್ಲವೆಂದು ನಾವು ಎದೆ ಮುಟ್ಟಿ ಹೇಳಲಾರೆವು. 2007ರಲ್ಲಿ ಕರ್ನಾಟಕ ಸರ್ಕಾರ ಸಾರಾಯಿಯನ್ನು ನಿಷೇಧಿಸಿತು. ಆದರೆ ಹಬ್ಬದ ರಾತ್ರಿ ಬಾಗಿಲ ಕಡೆ ಕಣ್ಣಿಟ್ಟು ಭಯದಿಂದ ಕಾಯುವ ತಾಯಿ ಮಕ್ಕಳ ಗೋಳು ಕಾನೂನೊಂದರಿಂದಲೇ ತೀರುವಂಥದ್ದಲ್ಲ. ಕಾನಾ ಊರಿನ ಮದುವೆಯಲ್ಲಿ ನೀರನ್ನು ದ್ರಾಕ್ಷಾರಸವಾಗಿಸಿದ ಪ್ರಭು ಆ ಮನೆಯ ಮಾನವನ್ನು ಉಳಿಸಿದರು. ಮನೆಯ ಮಾನ ಕಳೆಯುವ ಬಟ್ಟಲಿಗೆ ಆ ಅದ್ಭುತವನ್ನು ಸಾಕ್ಷಿಗೆ ಕರೆಯುವುದು ತರವೇ?

ಈ ಕ್ರಿಸ್ಮಸ್ಸಿಗೆ ಮಗ ಆ ಬಾಟಲಿಯನ್ನು ಮೇಜಿನ ಮೇಲಿಟ್ಟರೆ ಅದರ ಕಥೆಯನ್ನು ಅವನಿಗೆ ಹೇಳಿ. ಹಿರಿಯರು ಹಂಚಿಕೊಂಡು ಒಂದು ಗುಟುಕು ಸವಿದರೆ ಅದು ಅಳತೆಯೊಳಗಿರಲಿ. ಬೇಡವೆಂದವರನ್ನು ಒತ್ತಾಯಿಸದಿರಿ, ಕುಡಿತವನ್ನು ಬಿಡಲು ಹೆಣಗುತ್ತಿರುವವರೊಬ್ಬರು ಮನೆಯಲ್ಲಿದ್ದರೆ ಅವರ ಮೇಲಿನ ಪ್ರೀತಿಗಾಗಿ ಆ ಬಾಟಲಿ ತೆರೆಯದೆಯೇ ಉಳಿಯಲಿ. ನಡುರಾತ್ರಿಯ ಬಲಿಪೂಜೆ ಮುಗಿಸಿ ಬಂದು, ಎಲ್ಲರೂ ಒಟ್ಟಿಗೆ ಕುಳಿತು ಬಿಸಿ ಹಾಲು ಕುಡಿದರೂ ಹಬ್ಬಕ್ಕೆ ಯಾವ ಕೊರತೆಯೂ ಆಗದು. ಕುರಿಸುಮಲದ ಆಚಾರ್ಯರಂತೂ ಅದನ್ನೇ ಮೆಚ್ಚಿಯಾರು.