ಹಳೇ ಲ್ಯಾಪ್‌ಟಾಪ್‌ಗೆ ಹಗುರ ಸಿಂತ್ ಯಾವುದು? ಉತ್ತರ 1967ರಲ್ಲಿದೆ

ನಾಲ್ಕು ಟ್ರ್ಯಾಕ್ ಹಾಕಿದ್ರೆ ಸಾಕು, ಫ್ಯಾನ್ ಕೂಗುತ್ತೆ, ಸೌಂಡ್ ತುಂಡು ತುಂಡಾಗುತ್ತೆ. ಹೊಸ ಲ್ಯಾಪ್‌ಟಾಪ್ ತಗೊಳ್ಳೋದೊಂದೇ ದಾರಿನಾ? ನಾನು ಬಿ.ಕಾಂ ಓದಿದವನು, ಮೊದಲು ಖರ್ಚಿನ ಲೆಕ್ಕ ನೋಡ್ತೀನಿ. ಇಲ್ಲಿ ದುಡ್ಡು ಉಳಿಸೋದು ಇತಿಹಾಸ.

1967ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ಚೌನಿಂಗ್ ಒಂದು ಸಂಗತಿ ಗಮನಿಸಿದರು. ಒಂದು ಸರಳ ತರಂಗದ ಕಂಪನವನ್ನು ಇನ್ನೊಂದು ತರಂಗದಿಂದ ವೇಗವಾಗಿ ಏರಿಳಿಸಿದರೆ, ಗಂಟೆಯಂಥ, ತುತ್ತೂರಿಯಂಥ ತುಂಬು ನಾದ ಹುಟ್ಟುತ್ತೆ. ಇದೇ ಎಫ್‌ಎಂ ಸಿಂಥೆಸಿಸ್. ಲೆಕ್ಕಾಚಾರ ಕಡಿಮೆ, ಫಲ ಜಾಸ್ತಿ. ಯಮಹಾ ಇದರ ಲೈಸೆನ್ಸ್ ಪಡೆದು 1983ರಲ್ಲಿ ಡಿಎಕ್ಸ್7 ಕೀಬೋರ್ಡ್ ತಂದಿತು. ಪ್ರತಿ ಸ್ವರಕ್ಕೆ 6 ಆಪರೇಟರ್, ಒಟ್ಟಿಗೆ 16 ಸ್ವರ. ಆ ಕಾಲದ ಚಿಪ್ ಎಳೆದ ಬಂಡಿ ನಿಮ್ಮ ಪ್ರೊಸೆಸರ್‌ಗೆ ಭಾರವೇ ಅಲ್ಲ.

1999ರಲ್ಲಿ ಸ್ಟೈನ್‌ಬರ್ಗ್ ವಿಎಸ್‌ಟಿ 2 ತಂದ ಮೇಲೆ ಸಿಂತ್‌ಗಳು ಪ್ಲಗಿನ್ ಆಗಿ ಕಂಪ್ಯೂಟರ್ ಒಳಗೆ ಬಂದವು. ಡಿಎಕ್ಸ್7 ಮಾದರಿಯ 'ಡೆಕ್ಸ್‌ಡ್' ಇವತ್ತು ಉಚಿತ. ಇದಕ್ಕೆ ಎದುರು ತುದಿಯಲ್ಲಿ 2011ರ 'ಡೀವಾ' ಇದೆ. ಅದು ಹಳೇ ಅನಲಾಗ್ ಸರ್ಕ್ಯೂಟ್‌ನ ವರ್ತನೆಯನ್ನೇ ಕ್ಷಣಕ್ಷಣವೂ ಲೆಕ್ಕ ಹಾಕುತ್ತೆ, ಹಾಗಾಗಿ ಭಾರ. ಅದರಲ್ಲೂ 'ಡ್ರಾಫ್ಟ್' ಮೋಡ್ ಇದೆ: ಟ್ಯೂನ್ ಕಟ್ಟುವಾಗ ಅದು ಸಾಕು, ಕೊನೆಯ ರೆಂಡರ್‌ಗೆ 'ಡಿವೈನ್' ಹಾಕಿ.

ಆರಿಸುವಾಗ ಹೆಸರು ನೋಡಬೇಡಿ, ಒಳಗಿನ ವಿಧಾನ ನೋಡಿ. ಯೂನಿಸನ್ ತಗ್ಗಿಸಿ, ಮುಗಿದ ಟ್ರ್ಯಾಕ್ ಫ್ರೀಜ್ ಮಾಡಿ. ಲ್ಯಾಪ್‌ಟಾಪ್ ಅಂಗಡಿಗೆ ಆಮೇಲೆ ಹೋದರಾಯ್ತು.