ದಾಯಿಯ ಕೈಯಾಸರೆ: ಭೀಮಾ ತೀರದ ತಾಯಂದಿರ ಚರಿತ್ರೆ

ಅರಸರ ಯುದ್ಧಗಳನ್ನೂ ಕೋಟೆಗಳನ್ನೂ ದಾಖಲಿಸಿದ ಚರಿತ್ರೆಯು, ಆ ಅರಸರನ್ನು ಹುಟ್ಟಿದ ಕ್ಷಣದಲ್ಲಿ ಕೈಯಲ್ಲಿ ಎತ್ತಿಕೊಂಡ ಸ್ತ್ರೀಯ ಹೆಸರನ್ನು ಬರೆದಿಡುವುದನ್ನು ಬಹುತೇಕ ಮರೆತಿದೆ. ಕನ್ನಡದಲ್ಲಿ ಆಕೆ ಸೂಲಗಿತ್ತಿ. ಸೂಲು ಎಂದರೆ ಹೆರಿಗೆ. ನಮ್ಮ ದಖ್ಖನಿ ಮಾತಿನಲ್ಲಿ ಆಕೆ ದಾಯಿ. ಅರಬಿಯಲ್ಲಿ ಖಾಬಿಲಾ, ಅರ್ಥಾತ್ ಬರುವ ಶಿಶುವನ್ನು ಸ್ವೀಕರಿಸುವವಳು.

ಇಸ್ಲಾಮೀ ಚರಿತ್ರೆಯಲ್ಲಿ ಈ ಸೇವೆಗೆ ಗೌರವದ ಸ್ಥಾನವಿದೆ. ಪ್ರವಾದಿ(ಸ)ರ ಪುತ್ರ ಇಬ್ರಾಹೀಮರ ಜನನದ ವೇಳೆ ಹಝ್ರತ್ ಮಾರಿಯಾ(ರ)ರ ಬಳಿ ಇದ್ದವರು ಅಬೂ ರಾಫಿಅ್(ರ)ರ ಪತ್ನಿ ಸಲ್ಮಾ(ರ) ಎಂದು ಚರಿತ್ರಕಾರರು ಬರೆದಿದ್ದಾರೆ. ಹನಫೀ ಕರ್ಮಶಾಸ್ತ್ರವು ಜನನದ ವಿಷಯದಲ್ಲಿ ಒಬ್ಬಳೇ ಸೂಲಗಿತ್ತಿಯ ಸಾಕ್ಷ್ಯವನ್ನೂ ಸ್ವೀಕರಿಸುತ್ತದೆ. ಒಂದು ಮಗುವಿನ ವಂಶ, ವಾರಸುದಾರಿಕೆಗಳು ಆಕೆಯ ಮಾತಿನ ಮೇಲೆ ನಿಲ್ಲಬಲ್ಲವು ಎಂದಾದರೆ, ಸಮಾಜವು ಆಕೆಯ ಮೇಲಿಟ್ಟ ವಿಶ್ವಾಸ ಎಷ್ಟೆಂಬುದು ಸ್ಪಷ್ಟ.

ಹಝ್ರತ್ ಉಮರ್(ರ)ರ ಪ್ರಸಿದ್ಧ ಘಟನೆಯೊಂದನ್ನು ಇಲ್ಲಿ ನೆನೆಯಬೇಕು. ರಾತ್ರಿ ಗಸ್ತಿನಲ್ಲಿದ್ದ ಖಲೀಫರಿಗೆ ಮದೀನಾದ ಹೊರಗೆ ಒಂದು ಗುಡಾರ ಕಾಣಿಸಿತು. ಒಳಗೆ ಪ್ರಸವ ವೇದನೆಯ ಸ್ತ್ರೀ. ಜೊತೆಗೆ ಬೇರೆ ಹೆಂಗಸರಿಲ್ಲ. ಅವರು ಮನೆಗೆ ಮರಳಿ ಪತ್ನಿ ಉಮ್ಮು ಕುಲ್ಸೂಮರನ್ನು ಕರೆತಂದರು. ಅವರು ಒಳಗೆ ತಾಯಿಯ ಆರೈಕೆಗೆ ನಿಂತರೆ, ಖಲೀಫರು ಹೊರಗೆ ಒಲೆ ಹಚ್ಚಿ ಅಡುಗೆ ಮಾಡಿದರು. ಮಗು ಹುಟ್ಟಿದ ಶುಭವಾರ್ತೆಯನ್ನು ಉಮ್ಮು ಕುಲ್ಸೂಮರು ಒಳಗಿನಿಂದ ಕೂಗಿ ಹೇಳಿದಾಗಲೇ, ತನ್ನ ಪಕ್ಕದಲ್ಲಿ ಕುಳಿತವರು ಯಾರೆಂದು ಆ ಅಪರಿಚಿತನಿಗೆ ತಿಳಿದದ್ದು.

ಇಬ್ನ್ ಖಲ್ದೂನರು 1377ರಲ್ಲಿ ರಚಿಸಿದ 'ಮುಖದ್ದಿಮಾ'ದಲ್ಲಿ ಸೂಲಗಿತ್ತಿಯ ವೃತ್ತಿಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಆಕೆ ತಾಯಿಯ ಬೆನ್ನು ನೀವುವ ಬಗೆಯನ್ನು ಅವರು ವಿವರಿಸುತ್ತಾರೆ. ಹಾಲು ಬಿಡಿಸುವವರೆಗೆ ಶಿಶುವಿನ ಕಾಯಿಲೆಗಳನ್ನು ವೈದ್ಯನಿಗಿಂತ ಆಕೆಯೇ ಚೆನ್ನಾಗಿ ಬಲ್ಲಳು ಎಂದು ಅಭಿಪ್ರಾಯಪಡುತ್ತಾರೆ. ಆ ವರ್ಷ ನಮ್ಮ ಕಲಬುರಗಿ ಬಹಮನಿ ಸುಲ್ತಾನರ ರಾಜಧಾನಿಯಾಗಿತ್ತು.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ಆಸ್ಪತ್ರೆಯನ್ನು ಇಲ್ಲಿನ ಜನ ಇಂದಿಗೂ ದವಾಖಾನೆ ಎನ್ನುವುದು ಆ ಕಾಲದ ಗುರುತು. ಆದರೆ ಹಳ್ಳಿಯವರಿಗೆ ದವಾಖಾನೆ ದೂರ, ದಾಯಿ ಹತ್ತಿರ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿಯಲ್ಲಿ ಬಂಡಿಯ ಗಾಲಿ ಹೂತುಹೋಗುತ್ತಿತ್ತು. ಭೀಮೆ ಉಕ್ಕಿದರೆ ಆಚೆ ದಡದ ಊರು ಪರದೇಶವಾಗುತ್ತಿತ್ತು. ಅಂತಹ ರಾತ್ರಿ ಲಾಂದ್ರದ ಬೆಳಕಿನಲ್ಲಿ ಬರುವವಳು ಸೂಲಗಿತ್ತಿಯೇ. ಬಸುರಿ ಆಕೆಗೆ ಹೊಸಬಳಲ್ಲ. ಎಷ್ಟೋ ವೇಳೆ ಬಸುರಿಯನ್ನು ಹುಟ್ಟುವಾಗ ಎತ್ತಿಕೊಂಡವಳೂ ಅವಳೇ. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಎತ್ತ ಇದೆಯೆಂದು ತಿಳಿಯುವಳು, ಅಂಜಿದವಳಿಗೆ ಧೈರ್ಯ ಹೇಳುವಳು, ಹೆರಿಗೆಯ ನಂತರ ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ ನೀರು ಹಾಕುವಳು. ಪ್ರತಿಫಲವೆಂದರೆ ಜೋಳ, ಒಂದು ಸೀರೆ, ಮನೆಯವರ ದುಆ. ನೋವಿನ ವೇಳೆ ಯಾರೂ ಆಕೆಯ ಜಾತಿ ಕೇಳಲಿಲ್ಲ. ನೋವು ತೀರಿದ ಮೇಲೆ ಅದೇ ಕೈಯನ್ನು ಹೊಸ್ತಿಲಾಚೆ ಇಟ್ಟ ಮನೆಗಳೂ ಇದ್ದವು ಎಂಬುದು ನಾವು ಒಪ್ಪಬೇಕಾದ ಕಹಿ ಸತ್ಯ.

ನಾಡು ಇಂತಹವರಲ್ಲಿ ಒಬ್ಬರನ್ನಾದರೂ ತಡವಾಗಿ ಗುರುತಿಸಿತು. ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ; ಅಜ್ಜಿಯಿಂದ ಕಲಿತ ವಿದ್ಯೆಯಿಂದ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದರು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, 2018ರಲ್ಲಿ ಪದ್ಮಶ್ರೀ ಅವರಿಗೆ ಸಂದವು. ಅದೇ ವರ್ಷದ ಡಿಸೆಂಬರ್ 25ರಂದು ನಿಧನರಾದರು.

ಹಾಗೆಂದು ಹಳೆಯ ಕಾಲವನ್ನು ಹಾಡಿ ಹೊಗಳುವುದು ನ್ಯಾಯವಲ್ಲ. ನಿಲ್ಲದ ರಕ್ತಸ್ರಾವ, ಏರಿದ ರಕ್ತದೊತ್ತಡ, ನಂಜು ಇವುಗಳ ಮುಂದೆ ಎಂತಹ ಪಳಗಿದ ಕೈಯೂ ಸೋಲುತ್ತಿತ್ತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಆರಂಭವಾಯಿತು. ಆಶಾ ಕಾರ್ಯಕರ್ತೆಯರು ಬಂದರು. ಹೆರಿಗೆ ಆಸ್ಪತ್ರೆಗೆ ಸಾಗಿತು. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 2001-03ರಲ್ಲಿ 228ರಷ್ಟಿದ್ದ ತಾಯಂದಿರ ಮರಣ 2018-20ರ ವೇಳೆಗೆ 69ಕ್ಕೆ ಇಳಿಯಿತು. ಉಳಿದ ಒಂದೊಂದು ಜೀವವೂ ಅಲ್ಲಾಹನ ಅನುಗ್ರಹ.

ಆದರೆ ಜೀವ ಉಳಿಸುವ ಭರದಲ್ಲಿ ಜೊತೆಗಿರುವ ಕೈ ಜಾರಿಹೋಗಬಾರದು. ಪರಿಚಯವಿಲ್ಲದ ಮುಖಗಳ ನಡುವೆ, ಮನೆಮಾತಲ್ಲದ ಮಾತಿನಲ್ಲಿ, ಮರೆಯಿಲ್ಲದ ಕೋಣೆಯಲ್ಲಿ ಮಲಗಿದ ಹುಡುಗಿಗೆ ಭಯವೇ ದೊಡ್ಡ ನೋವು. ಹೆರಿಗೆಯುದ್ದಕ್ಕೂ ಒಬ್ಬರು ಜೊತೆಗಿದ್ದರೆ ಸಹಜ ಹೆರಿಗೆಯ ಸಂಭವ ಹೆಚ್ಚುತ್ತದೆ, ನೋವಿನ ಅವಧಿ ತಗ್ಗುತ್ತದೆ ಎಂಬುದನ್ನು ಇಂದಿನ ವೈದ್ಯಶಾಸ್ತ್ರವೂ ಒಪ್ಪಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಆಪ್ತ ಸ್ತ್ರೀಯೊಬ್ಬರು ಜೊತೆಗಿರಲು ಕೇಂದ್ರ ಸರ್ಕಾರ 2016ರಲ್ಲಿ ಅವಕಾಶ ನೀಡಿತು. ತರಬೇತಿ ಪಡೆದ ಶುಶ್ರೂಷಕಿಯರನ್ನೇ ಸೂಲಗಿತ್ತಿಯರನ್ನಾಗಿ ರೂಪಿಸುವ ಮಾರ್ಗಸೂಚಿ 2018ರಲ್ಲಿ ಬಂದಿತು.

ಆದ್ದರಿಂದ ನಮ್ಮ ಮನೆಗಳ ಹೊಣೆ ಸ್ಪಷ್ಟವಾಗಿದೆ. ತಾಯಿ ಕಾರ್ಡ್ ಮಾಡಿಸಿ, ತಪಾಸಣೆ ತಪ್ಪಿಸದೆ, ಹೆರಿಗೆಯನ್ನು ಆಸ್ಪತ್ರೆಯಲ್ಲೇ ಮಾಡಿಸೋಣ. ಜೊತೆಗೆ ಅನುಭವಿ ಸ್ತ್ರೀಯೊಬ್ಬರನ್ನು ಕಳುಹಿಸೋಣ, ಆ ಅವಕಾಶವನ್ನು ವಿನಯದಿಂದ ಕೇಳಿ ಪಡೆಯೋಣ. ಓದುವ ಹೆಣ್ಣುಮಕ್ಕಳನ್ನು ಶುಶ್ರೂಷಾ ವಿದ್ಯೆಗೆ ಕಳುಹಿಸಲು ಹಿಂಜರಿಯದಿರೋಣ. ನಮ್ಮ ಭಾಷೆಯನ್ನೂ ಲಜ್ಜೆಯನ್ನೂ ಅರಿತ ದಾಯಿ ನಾಳೆ ಅವರೊಳಗಿಂದಲೇ ಬರಬೇಕು. ಖಲೀಫರೇ ಒಲೆ ಊದಿದ ಮೇಲೆ, ಬಾಣಂತಿಯ ಗಂಜಿ ಕಾಯಿಸುವುದು ಯಾವ ಗಂಡನಿಗೂ ಕೀಳಲ್ಲ.

ಊರಿನಲ್ಲಿ ವಯಸ್ಸಾದ ದಾಯಿಯೊಬ್ಬಳು ಇನ್ನೂ ಇದ್ದರೆ, ಅವಳು ಯಾವ ಮತದವಳೇ ಆಗಿರಲಿ, ಈ ಈದ್‌ನಲ್ಲಿ ಅವಳ ಮನೆಯ ಬಾಗಿಲು ತಟ್ಟಿರಿ. ನಮ್ಮಲ್ಲಿ ಅನೇಕರನ್ನು ಈ ಲೋಕದಲ್ಲಿ ಮೊದಲು ಮುಟ್ಟಿದ ಕೈ ಅದು. ಅಲ್ಲಾಹನು ಪ್ರತಿ ತಾಯಿಯ ಸೂಲನ್ನು ಸುಗಮಗೊಳಿಸಲಿ. ಆಮೀನ್.