ಕಾರಿನ ಸಿ.ಡಿ.ಯೂ ಹಾಡುಗಳ ಅನುಕ್ರಮವೂ

ಹಾಡಿದವರ ಚರಿತ್ರೆಯನ್ನು ನಮ್ಮವರು ತಕ್ಕಮಟ್ಟಿಗೆ ಬರೆದಿಟ್ಟಿದ್ದಾರೆ. ಹಾಡುಗಳನ್ನು ಆಯ್ದು, ವಿಂಗಡಿಸಿ, ಒಂದರ ಮುಂದೊಂದು ಜೋಡಿಸಿಕೊಂಡು ಕೇಳಿದವರ ಚರಿತ್ರೆಯ ಕಡೆಗೆ ಗಮನ ಹರಿಸಿದವರು ವಿರಳ. ಈ ಶತಮಾನದ ಮೊದಲ ಹತ್ತು ಹದಿನೈದು ವರ್ಷಗಳಲ್ಲಿ, ಗಣಕಯಂತ್ರದಲ್ಲಿ ಕೂಡಿಟ್ಟ ಹಾಡುಗಳನ್ನು ಕಾರಿನ ಸ್ಟೀರಿಯೋಗೆಂದು ಸಿ.ಡಿ.ಗಳಲ್ಲಿ ಕ್ರಮವರಿತು ತುಂಬಿಸುವ ಒಂದು ಗೃಹಕೃತ್ಯವು ಬೆಂಗಳೂರಿನ ಉತ್ತರದ ಅಂಚಿನಲ್ಲಿರುವ ಅಟ್ಟೂರಿನಂಥ ಬಡಾವಣೆಗಳಲ್ಲಿ ಹುಟ್ಟಿ, ನೆಲೆಗೊಂಡು, ಯಾರ ಗಮನಕ್ಕೂ ಬಾರದಂತೆ ಮರೆಯಾಗಿಹೋದುದನ್ನು ನೆನೆದಾಗ, ಕೇಳುಗನೂ ಒಬ್ಬ ಸಂಕಲನಕಾರನೇ ಎಂಬ ಮಾತು ಮನಸ್ಸಿನಲ್ಲಿ ದೃಢವಾಗುತ್ತದೆ. ಆ ಕೆಲಸದ ಹಿಂದೆ ಕನ್ನಡ ನಾಡಿನ ಏಳೆಂಟು ಶತಮಾನಗಳ ಒಂದು ಅಭ್ಯಾಸವಿದೆಯೆಂದು ತೋರಿಸುವುದು ಈ ಲೇಖನದ ಉದ್ದೇಶ.

ಅಟ್ಟೂರು ಯಲಹಂಕದ ನೆರೆಯ ಊರು. ಕೆಂಪೇಗೌಡರ ವಂಶದವರು ನಾಡಪ್ರಭುಗಳಾಗಿ ಆಳಿದ ಯಲಹಂಕನಾಡಿನ ಮಡಿಲಲ್ಲಿ ಒಂದು ಕೆರೆಯನ್ನು ನಂಬಿ ಬಾಳಿದ ಈ ಹಳ್ಳಿಯನ್ನು, ಮೊದಲು ಪಕ್ಕದ ವಾಯುಪಡೆಯ ನೆಲೆ ಮತ್ತು ರೈಲುಗಾಲಿ ಕಾರ್ಖಾನೆಗಳು, ಬಳಿಕ ಯಲಹಂಕ ಉಪನಗರ, ಆಮೇಲೆ 2008ರಲ್ಲಿ ದೇವನಹಳ್ಳಿಯ ಬಳಿ ತೆರೆದ ವಿಮಾನನಿಲ್ದಾಣ, ಹೀಗೆ ಒಂದೊಂದಾಗಿ ಬಂದು ನಗರದೊಳಕ್ಕೆ ಸೆಳೆದವು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರೂಪುಗೊಂಡ ಮೇಲೆ, ಅದರ 198 ವಾರ್ಡುಗಳ ಪಟ್ಟಿಯಲ್ಲಿ ಅಟ್ಟೂರು 3ನೆಯದಾಯಿತು. ಇಲ್ಲಿ ನಿವೇಶನ ಕೊಂಡು ಮನೆ ಕಟ್ಟಿದವರಲ್ಲಿ ಅನೇಕರ ಉದ್ಯೋಗವು ಹೆಬ್ಬಾಳದ ಆಚೆಗೆ, 15 ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿದ್ದುದರಿಂದ, ದಿನದ ಒಂದೆರಡು ಗಂಟೆಗಳು ರಸ್ತೆಯ ಪಾಲಾಗುವುದು ಅನಿವಾರ್ಯವಾಯಿತು. ಆ ಗಂಟೆಗಳನ್ನು ಸಹ್ಯಗೊಳಿಸುವ ಹೊಣೆ ಕಾರಿನೊಳಗಿನ ಸಂಗೀತದ ಮೇಲೆ ಬಿತ್ತು. ಸ್ಟೀರಿಯೋ ಕೂರಿಸಲು ಜೆ.ಸಿ. ರಸ್ತೆ, ಖಾಲಿ ಸಿ.ಡಿ.ಗಳಿಗೆ ಎಸ್.ಪಿ. ರಸ್ತೆ: ಇವೆರಡೂ ಆ ಕಾಲದ ಸಂಗೀತಪ್ರಿಯರಿಗೆ ತಪ್ಪದ ಯಾತ್ರಾಸ್ಥಳಗಳಾಗಿದ್ದವು.

ಆಯ್ದು ಜೋಡಿಸುವ ಈ ಪ್ರವೃತ್ತಿ ನಮಗೆ ಹೊಸದಲ್ಲ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನ ತಂದೆ ಮಲ್ಲಿಕಾರ್ಜುನನು ಪೂರ್ವಕವಿಗಳ ಪದ್ಯಗಳನ್ನು ಆರಿಸಿ, ಸಮುದ್ರ, ಪರ್ವತ, ನಗರ, ಋತು, ಚಂದ್ರೋದಯವೆಂಬಂತೆ ವರ್ಣನೆಯ ವಿಷಯಾನುಸಾರವಾಗಿ ವಿಂಗಡಿಸಿ ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದನು, ಕವಿಯ ಹೆಸರನ್ನಾಗಲಿ ಕಾವ್ಯದ ಹೆಸರನ್ನಾಗಲಿ ಅನುಸರಿಸದೆ ಸಂದರ್ಭದ ಔಚಿತ್ಯವನ್ನೇ ವರ್ಗೀಕರಣದ ಸೂತ್ರವನ್ನಾಗಿ ಹಿಡಿದ ಕಾರ್ಯವದು. ಮನೆಮನೆಗಳಲ್ಲಿ ಹೆಣ್ಣುಮಕ್ಕಳು ಬರೆದಿಟ್ಟುಕೊಳ್ಳುತ್ತಿದ್ದ ಹಾಡಿನ ಪುಸ್ತಕಗಳಲ್ಲಿಯೂ ಇದೇ ಸೂತ್ರವುಂಟು: ಆರತಿಯ ಹಾಡುಗಳು ಒಂದು ಕಡೆ, ಹಸೆಗೆ ಕರೆಯುವ ಹಾಡುಗಳು ಇನ್ನೊಂದು ಕಡೆ, ಜೋಗುಳಗಳು ಮತ್ತೊಂದು ಕಡೆ. ಮುಂದೆ ಧ್ವನಿಸುರುಳಿಯ ಕಾಲ ಬಂದು, ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ವು 1978ರಲ್ಲಿ ಹೊರಬಿದ್ದು ಭಾವಗೀತೆಗಳನ್ನು ಮನೆಮನೆಗೆ ಮುಟ್ಟಿಸಿದ ಮೇಲೆ, ಅಂಗಡಿಗೆ ಒಂದು ಚೀಟಿ ಬರೆದುಕೊಟ್ಟು ತಮಗೆ ಬೇಕಾದ ಹಾಡುಗಳನ್ನು 60 ನಿಮಿಷದ ಕ್ಯಾಸೆಟ್ಟಿಗೆ ತುಂಬಿಸಿಕೊಳ್ಳುವ ರೂಢಿ ಬೆಳೆಯಿತು. ಸಿ.ಡಿ. ಬಂದಾಗ ಆ ಚೀಟಿಯನ್ನು ಬರೆದ ಕೈಯೇ ಹಾಡು ತುಂಬಿಸುವ ಕೆಲಸವನ್ನೂ ವಹಿಸಿಕೊಂಡಿತು.

ಯಂತ್ರದ ಕಡೆಯ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬೇಕು. ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಕೂಡಿ 1982ರಲ್ಲಿ ಮಾರುಕಟ್ಟೆಗೆ ತಂದ 12 ಸೆಂಟಿಮೀಟರ್ ವ್ಯಾಸದ ಸಿ.ಡಿ.ಯು ಸುಮಾರು 74 ನಿಮಿಷಗಳ ಸಂಗೀತವನ್ನು ಹಿಡಿಯುತ್ತಿತ್ತು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮೊದಲಾದವರು, ಮನುಷ್ಯನ ಕಿವಿ ಯಾವ ಸೂಕ್ಷ್ಮಧ್ವನಿಗಳನ್ನು ಗ್ರಹಿಸಲಾರದೋ ಅವನ್ನು ಕಳೆದು ಉಳಿದುದನ್ನು ಅಡಕಗೊಳಿಸುವ ವಿಧಾನವನ್ನು ರೂಪಿಸಿ, 1995ರಲ್ಲಿ ಅದರ ಕಡತಗಳಿಗೆ ಎಂಪಿ3 ಎಂಬ ಹೆಸರನ್ನಿಟ್ಟ ಬಳಿಕ, ನಿಮಿಷಕ್ಕೆ 10 ಮೆಗಾಬೈಟ್ ಬೇಡುತ್ತಿದ್ದ ಸಂಗೀತವು 1 ಮೆಗಾಬೈಟಿಗೆ ಇಳಿಯಿತು. 700 ಮೆಗಾಬೈಟಿನ ಒಂದು ಸಿ.ಡಿ.ಯಲ್ಲಿ ಸುಮಾರು 12 ಗಂಟೆಗಳ ಸಂಗೀತ, ಎಂದರೆ ಸುಮಾರು 150 ಹಾಡುಗಳು, ಹಿಡಿಯುವಂತಾದವು. ಹದಿನೈದು ಹಾಡುಗಳಿಗೆ ಯಾವ ವ್ಯವಸ್ಥೆಯೂ ಬೇಡ. 150 ಹಾಡುಗಳಿಗೆ ವ್ಯವಸ್ಥೆಯಿಲ್ಲದಿದ್ದರೆ, ವಾಹನ ನಡೆಸುತ್ತಿರುವವನು ಬೇಕಾದ ಹಾಡಿಗಾಗಿ ಗುಂಡಿ ಒತ್ತುತ್ತ ರಸ್ತೆಯನ್ನು ಮರೆಯಬೇಕಾಗುತ್ತದೆ. ಹೀಗೆ ಸಮೃದ್ಧಿಯೇ ಕ್ರಮದ ಅಗತ್ಯವನ್ನು ಹುಟ್ಟಿಸಿತು.

ಈ ಕ್ರಮವನ್ನು ಸಾಧಿಸುವ ಬಗೆಯನ್ನು ಹತ್ತಿರದಿಂದ ನೋಡೋಣ. ಮೊದಲು ಗಣಕಯಂತ್ರದಲ್ಲಿ ಫೋಲ್ಡರುಗಳು: ಒಂದರಲ್ಲಿ ದೇವರನಾಮ, ಒಂದರಲ್ಲಿ ಭಾವಗೀತೆ, ಒಂದರಲ್ಲಿ ಸಿ. ಅಶ್ವತ್ಥರು ಹಾಡಿದ ಶಿಶುನಾಳ ಷರೀಫರ ಪದಗಳು, ಒಂದರಲ್ಲಿ ರಾಜಕುಮಾರರ ಹಳೆಯ ಚಿತ್ರಗೀತೆಗಳು, ಮತ್ತೊಂದರಲ್ಲಿ ಮಕ್ಕಳ ಹಟಕ್ಕೆ ‘ಜೋಗಿ’ಯೋ ‘ಮುಂಗಾರು ಮಳೆ’ಯೋ. ಸ್ಟೀರಿಯೋದ ಕಿರುಪರದೆಯು ಕನ್ನಡದ ಲಿಪಿಯನ್ನು ಅರಿಯುತ್ತಿರಲಿಲ್ಲ. ‘ನುಡಿ’, ‘ಬರಹ’ ಎಂಬ ತಂತ್ರಾಂಶಗಳಲ್ಲಿ ಕನ್ನಡವನ್ನು ಅಚ್ಚುಕಟ್ಟಾಗಿ ಟೈಪಿಸಬಲ್ಲವನೂ ಇಲ್ಲಿ ಹಾಡಿನ ಹೆಸರನ್ನು ರೋಮನ್ ಅಕ್ಷರಗಳಲ್ಲಿಯೇ ಬರೆಯಬೇಕಾಗಿತ್ತು. ಸಿ.ಡಿ.ಯ ಮೇಲೆ ಕಡತಗಳನ್ನಿಡುವ ವಿಧಾನವನ್ನು ಗೊತ್ತುಪಡಿಸಿದ 1988ರ ಐಎಸ್ಒ 9660 ಎಂಬ ನಿಯಮವು ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಇಡಬೇಕೆಂದು ವಿಧಿಸಿದ್ದುದರಿಂದ, ನಮ್ಮ ವರ್ಣಮಾಲೆಯಲ್ಲಿ ಮಕಾರದ ಬೆನ್ನಿಗೇ ಬರುವ ಯಕಾರದ ಹಾಡು ಇಲ್ಲಿ ಪಟ್ಟಿಯ ತಳಕ್ಕೆ ಸರಿಯುತ್ತಿತ್ತು. ಇದಕ್ಕೆ ಪರಿಹಾರವಾಗಿ ಪ್ರತಿಯೊಂದು ಹೆಸರಿನ ಮುಂದೆಯೂ ಸಂಖ್ಯೆಯನ್ನಿಡಬೇಕು. ಆ ಸಂಖ್ಯೆಯನ್ನೂ 1, 2 ಎಂದು ಬರೆದರೆ 1ರ ಬೆನ್ನಿಗೆ 10 ಬಂದು ಕೂರುವುದರಿಂದ 001, 002 ಎಂದೇ ಬರೆಯಬೇಕು. ಒಂದೊಂದು ಹಾಡಿಗೂ ಹೀಗೆ ಸಂಖ್ಯೆ ಹಾಕುತ್ತ ಭಾನುವಾರದ ಮಧ್ಯಾಹ್ನವನ್ನು ಕಳೆದವರಿಗೆ, ಆ ಸಂಖ್ಯೆಯೇ ತಮ್ಮ ಅಭಿರುಚಿಯ ಮುದ್ರೆಯೆಂಬ ಅರಿವಿದ್ದಿತು.

ಹಾಡಿಗೆ ಅದರ ಕರ್ತೃವಿನ ಹೆಸರನ್ನು ಅಂಟಿಸುವ ಪ್ರಶ್ನೆ ಇದಕ್ಕಿಂತ ಗಹನವಾದದ್ದು. ನಮ್ಮ ಹರಿದಾಸರು ಪದದ ಕಡೆಯ ಚರಣದಲ್ಲಿ ಪುರಂದರವಿಠಲ, ಕಾಗಿನೆಲೆಯಾದಿಕೇಶವ ಎಂಬ ಅಂಕಿತಗಳನ್ನು ನೇಯ್ದು, ಹಾಡು ಯಾವ ಬಾಯಿಗೆ ಹೋದರೂ ಕರ್ತೃವನ್ನು ಬಿಟ್ಟಗಲದಂತೆ ಮಾಡಿದರು. ಭಾರತದಲ್ಲಿ ಗ್ರಾಮಫೋನ್ ಧ್ವನಿಮುದ್ರಣ ಆರಂಭವಾದ 1902ರಲ್ಲಿ ಹಾಡಿದ ಗೌಹರ್ ಜಾನ್, ಮುಂದೆ ಮೈಸೂರಿನ ಆಸ್ಥಾನವನ್ನು ಸೇರಿ 1930ರಲ್ಲಿ ಅಲ್ಲಿಯೇ ತೀರಿಕೊಂಡ ಆ ಮಹಾಗಾಯಕಿ, ದೂರದ ಜರ್ಮನಿಯಲ್ಲಿ ತಟ್ಟೆಯನ್ನು ಅಚ್ಚುಮಾಡುವವರಿಗೆ ಗುರುತು ಸಿಗಲೆಂದು ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. 1996ರಲ್ಲಿ ಎರಿಕ್ ಕೆಂಪ್ ಎಂಬವರು ಎಂಪಿ3 ಕಡತಕ್ಕಾಗಿ ರೂಪಿಸಿದ ಐಡಿ3 ಎಂಬ ಗುರುತುಪಟ್ಟಿಯೂ ಕಡತದ ಕೊಟ್ಟಕೊನೆಯ 128 ಬೈಟುಗಳಲ್ಲಿಯೇ ನೆಲೆಗೊಂಡಿತು. ಅದರಲ್ಲಿ ಹಾಡಿನ ಹೆಸರಿಗೆ 30 ಅಕ್ಷರ, ಕಲಾವಿದನಿಗೆ 30, ಸಂಪುಟಕ್ಕೆ 30. ಕವಿಗೆ ಪ್ರತ್ಯೇಕ ಸ್ಥಾನವಿಲ್ಲ. ಸಂಗೀತದ ಪ್ರಭೇದವನ್ನು ಸೂಚಿಸಲು ಕೊಟ್ಟಿದ್ದ 80 ಹೆಸರುಗಳಲ್ಲಿ ಭಾವಗೀತೆಗೂ ದೇವರನಾಮಕ್ಕೂ ಎಡೆಯಿರಲಿಲ್ಲ. ಕವಿ, ರಾಗ ಸಂಯೋಜಕ, ಗಾಯಕ ಈ ಮೂವರೂ ಸೇರಿದಲ್ಲದೆ ಭಾವಗೀತೆಯೆಂಬುದಿಲ್ಲ. ಆದ್ದರಿಂದ ಬೇಂದ್ರೆಯವರನ್ನೋ ಕೆ. ಎಸ್. ನರಸಿಂಹಸ್ವಾಮಿಯವರನ್ನೋ ಕೈಬಿಡಲಾರದ ಕನ್ನಡಿಗನು ಸಂಪುಟದ ಹೆಸರನ್ನು ಅಳಿಸಿ ಆ ಜಾಗದಲ್ಲಿ ಕವಿಯ ಹೆಸರನ್ನು ಬರೆದುಕೊಳ್ಳುತ್ತಿದ್ದನು. ತಂತ್ರಜ್ಞರ ಕಣ್ಣಿಗೆ ಇದು ನಿಯಮಭಂಗ. ಸಂಸ್ಕೃತಿಯ ದೃಷ್ಟಿಯಿಂದ ಕವಿಋಣದ ಸಂದಾಯ. ಸಂಯೋಜಕನಿಗೂ ಕವಿಗೂ ಬೇರೆ ಬೇರೆ ಸ್ಥಾನಗಳನ್ನು ಕಲ್ಪಿಸಿದ ಎರಡನೆಯ ಐಡಿ3 ಕ್ರಮವು 1998ರಲ್ಲಿ ಬಂದಿತಾದರೂ, ಸಾಮಾನ್ಯವಾದ ಸ್ಟೀರಿಯೋಗಳು ಮೊದಲಿನ ಮೂರು ಹೆಸರುಗಳನ್ನಷ್ಟೇ ತೋರಿಸುತ್ತ ಉಳಿದುವು.

ಅನುಕ್ರಮದ ರಹಸ್ಯವಾದರೋ ಔಚಿತ್ಯದಲ್ಲಿದೆ. ಬಾಳೆಲೆಯ ಮೇಲೆ ಉಪ್ಪಿನಿಂದ ಮಜ್ಜಿಗೆಯವರೆಗೆ ಪ್ರತಿಯೊಂದಕ್ಕೂ ಒಂದು ಎಡೆಯೂ ಒಂದು ವೇಳೆಯೂ ಇರುವಂತೆ, ದೊಡ್ಡಬಳ್ಳಾಪುರದ ದಾರಿ ಹಿಡಿದು ಘಾಟಿ ಸುಬ್ರಹ್ಮಣ್ಯಕ್ಕೆ ಹೊರಟ ಕುಟುಂಬದ ಸಿ.ಡಿ.ಯಲ್ಲಿ ಹೊರಡುವಾಗ ಸ್ತೋತ್ರ, ಬಿಸಿಲೇರಿದ ಮೇಲೆ ಮಕ್ಕಳ ಮೆಚ್ಚಿನ ಚಿತ್ರಗೀತೆ, ಹಿಂದಿರುಗುವಾಗ ದಣಿದವರಿಗೆ ನಿಧಾನಗತಿಯ ಭಾವಗೀತೆ ಎಂಬ ಏರ್ಪಾಡು ಇರುತ್ತಿತ್ತು. ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗಲೆಲ್ಲ ಕೆಲವು ಯಂತ್ರಗಳು ಮೊದಲ ಹಾಡಿಗೇ ಮರಳುತ್ತಿದ್ದುದರಿಂದ, ಸಾವಿರ ಸಲ ಕೇಳಿದರೂ ಬೇಸರ ತಾರದ ಹಾಡನ್ನೇ 001 ಎಂಬ ಪೀಠದಲ್ಲಿ ಕೂರಿಸಬೇಕಿತ್ತು. ಒಂದು ಮನೆಯ ಹಿರಿಯರೂ ಕಿರಿಯರೂ ಕೂಡಿ ಕುಳಿತು ಇದನ್ನು ನಿಶ್ಚಯಿಸುವಾಗ ನಡೆಯುತ್ತಿದ್ದ ಚರ್ಚೆ ಕಾವ್ಯಮೀಮಾಂಸೆಯೇ ಆಗಿದ್ದಿತೆಂದರೆ ಅತಿಶಯೋಕ್ತಿಯಾಗದು.

ಈ ಉದ್ಯೋಗಕ್ಕೆ ಕಳಂಕವೂ ಇತ್ತು. ಅಂಗಡಿಗಳಲ್ಲಿ ಚಿಲ್ಲರೆ ಹಣಕ್ಕೆ ಮಾರಾಟವಾಗುತ್ತಿದ್ದ, 100-150 ಹಾಡು ತುಂಬಿದ ಕಳ್ಳ ಸಿ.ಡಿ.ಗಳು ಕವಿ, ಗಾಯಕ, ಸಂಯೋಜಕರಿಗೂ ಕನ್ನಡದ ಧ್ವನಿಮುದ್ರಣ ಸಂಸ್ಥೆಗಳಿಗೂ ನ್ಯಾಯವಾಗಿ ಸಲ್ಲಬೇಕಾದುದನ್ನು ಅಪಹರಿಸಿದವು. ಗೂಂಡಾ ಕಾಯಿದೆಯೆಂದು ಜನ ಕರೆಯುವ ಕರ್ನಾಟಕದ 1985ರ ಶಾಸನದ ಹೆಸರಿನೊಳಕ್ಕೇ, ಮುಂದೆ ತಿದ್ದುಪಡಿಯ ಮೂಲಕ, ವಿಡಿಯೋ ಮತ್ತು ಆಡಿಯೋ ಕಳ್ಳನಕಲುಗಾರರನ್ನು ಸೇರಿಸಬೇಕಾದಷ್ಟು ಆ ಪಿಡುಗು ಬಲಿಯಿತು. ತಾವು ಕೊಂಡ ಕ್ಯಾಸೆಟ್ಟನ್ನೂ ಸಿ.ಡಿ.ಯನ್ನೂ ಗಣಕಯಂತ್ರಕ್ಕೆ ಏರಿಸಿ ತಮ್ಮ ಕಾರಿಗೆಂದು ಜೋಡಿಸಿಕೊಂಡವರನ್ನು ಆ ವ್ಯಾಪಾರಿಗಳ ಸಾಲಿನಲ್ಲಿ ನಿಲ್ಲಿಸುವುದು ತರವಲ್ಲ.

ಪೆನ್ ಡ್ರೈವ್ ಬಂದಾಗ ಈ ಕ್ರಮವಿದ್ಯೆ ಸಡಿಲಗೊಂಡಿತು. ಅನೇಕ ಸ್ಟೀರಿಯೋಗಳು ಅಕ್ಷರಾನುಕ್ರಮವನ್ನು ಲಕ್ಷಿಸದೆ, ಕಡತಗಳು ನಕಲಾದ ಅನುಕ್ರಮದಲ್ಲಿಯೇ ಹಾಡಿಸುತ್ತಿದ್ದವು. ಸಾವಿರಾರು ಹಾಡುಗಳಿಗೆ ಸ್ಥಳವಿದ್ದ ಮೇಲೆ ಯಾವುದನ್ನೂ ಬಿಡುವ ಅಗತ್ಯ ಉಳಿಯಲಿಲ್ಲ. ಬಿಡುವ ಅಗತ್ಯವಿಲ್ಲದಲ್ಲಿ ಆರಿಸುವ ವಿವೇಕವೂ ಮಂದವಾಗುತ್ತದೆ. ಆಮೇಲೆ ಮೊಬೈಲ್ ಫೋನು ಕಾರಿನೊಡನೆ ತಂತಿಯಿಲ್ಲದೆ ಬೆಸೆದುಕೊಂಡು, ಮುಂದಿನ ಹಾಡು ಯಾವುದೆಂಬುದನ್ನು ಎಲ್ಲಿಯೋ ಇರುವ ಯಂತ್ರಗಣಿತವೇ ನಿರ್ಧರಿಸತೊಡಗಿತು, ಖಾಲಿ ಸಿ.ಡಿ.ಗಳನ್ನು ಅಪಾರ ಸಂಖ್ಯೆಯಲ್ಲಿ ತಯಾರಿಸಿ ಜಗತ್ತಿಗೆ ಒದಗಿಸಿದ ಭಾರತದ ಮೋಸರ್ ಬೇರ್ ಸಂಸ್ಥೆಯೂ 2018ರಲ್ಲಿ ಸಮಾಪನೆಗೆ ಒಳಗಾಯಿತು.

ಅಟ್ಟೂರಿನ ಮನೆಗಳ ಕಪಾಟುಗಳಲ್ಲಿ ಇಂದಿಗೂ ಉಳಿದಿರುವ ಆ ಸಿ.ಡಿ.ಗಳ ಬಣ್ಣದ ಲೇಪವು ಬಿಸಿಲಿಗೂ ಸೆಕೆಗೂ ಕ್ಷಯಿಸುವಂಥದು. ಅವು ಓದಲು ಬರುತ್ತಿರುವಾಗಲೇ ನಕಲಿಳಿಸಿಕೊಳ್ಳುವುದು ಒಳ್ಳೆಯದು. ಹಾಗೆ ಇಳಿಸಿಕೊಳ್ಳುವವರಲ್ಲಿ ನನ್ನದೊಂದು ವಿಜ್ಞಾಪನೆ: ಹಾಡು ಮತ್ತೆಲ್ಲಿಯಾದರೂ ಸಿಕ್ಕೀತು, ಅನುಕ್ರಮ ಸಿಕ್ಕದು, ಹೆಸರಿನ ಮುಂದಿರುವ ಆ ಸಂಖ್ಯೆಗಳನ್ನು ಅಳಿಸಬೇಡಿ, ಸಂಪುಟದ ಸ್ಥಾನದಲ್ಲಿ ಬರೆದ ಕವಿಯ ಹೆಸರನ್ನು ತಿದ್ದಬೇಡಿ, ಯಾರು ಯಾವ ವರ್ಷ ಯಾವ ಪ್ರಯಾಣಕ್ಕೆಂದು ಜೋಡಿಸಿದರೆಂಬುದನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಪೂರ್ವಕವಿಗಳ ಎಷ್ಟೋ ಪದ್ಯಗಳು ನಮಗೆ ಉಳಿದುಬಂದಿರುವುದು ಅವನ್ನು ಪ್ರೀತಿಯಿಂದ ಆಯ್ದು ಜೋಡಿಸಿದ ಸಂಕಲನಕಾರರ ದೆಸೆಯಿಂದಲೇ ಆಗಿರುವಾಗ, ನಮ್ಮ ಕಾಲದ ಕೇಳುಗರು ಕನ್ನಡದ ಹಾಡುಗಳಲ್ಲಿ ಯಾವುದನ್ನು ಮೊದಲೆಂದೂ ಯಾವುದನ್ನು ಕೊನೆಯೆಂದೂ ಎಣಿಸಿದರೆಂಬುದಕ್ಕೆ ಮುಂದಿನವರಿಗೆ ದೊರೆಯಬಹುದಾದ ಲಿಖಿತ ಸಾಕ್ಷ್ಯವು ಈ ಪಟ್ಟಿಗಳಲ್ಲಿದೆ.